ಪೇಟೆ ನೋಡಲು ಬಂದವರು ಕೇರಿಗೂ ಬನ್ನಿ

ಮಗಳೇ, ಗೆಳೆಯರನ್ನು ಕಟ್ಟಿಕೊಂಡು ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಲು ಬರುತ್ತೀಯೆಂದು ತಿಳಿದು ಬಹಳ ಖುಷಿಯಾಯಿತು. ನೋಡಬೇಕಾದ ಜಾಗಗಳೆಂದು ನೀನು ಬರೆದು ಕಳಿಸಿದ ಪಟ್ಟಿ ಚೆನ್ನಾಗಿಯೇ ಇದೆ. ಹಳೇ ಹೋಟೆಲು, ಹಳೇ ಅಂಗಡಿ, ಹೊಸ ಕೆಫೆ, ನಾಟಕ, ಕೆರೆ, ಕುದುರೆ ಎಲ್ಲವೂ ಇವೆ. ಆದರೆ ಅದರಲ್ಲಿ ಪೇಟೆಯಷ್ಟೇ ಇದೆ, ಕೇರಿ ಇಲ್ಲ. ಈ ಮೂರು ಊರಲ್ಲಿ ಎಲ್ಲೇ ಆಗಲಿ, ಎ.ಕೆ. ಕಾಲೋನಿ ಅಂತಲೋ ಅಂಬೇಡ್ಕರ್ ನಗರ ಅಂತಲೋ ಬೋರ್ಡು ನಿಂತಿರುವ ಬೀದಿಗೆ ಕಾಲಿಡದೆ ಹಿಂದಿರುಗಿದರೆ ನೀವು ಊರು ನೋಡಿದಂತಾಗುವುದಿಲ್ಲ.

ನಿನ್ನಪ್ಪ ಬೆಂಗಳೂರು ಸೇರಿದ ಮೇಲೆ ಕೇರಿಯೆಂದರೆ ನಿನಗೆ ಹಬ್ಬಕ್ಕೆ ಬಂದು ಹೋಗುವ ಜಾಗವಾಯಿತು. ಗೆಳೆಯರನ್ನು ಅಲ್ಲಿಗೆ ಕರೆದುಕೊಂಡು ಹೋಗಲೋ ಬೇಡವೋ ಎಂಬ ಅಳುಕು ನಿನ್ನೊಳಗೆ ಇರಬಹುದು. ಇದ್ದರೆ ಅದನ್ನು ಇಟ್ಟುಕೊಂಡೇ ಬಾ. ಯಾರಿಗೆ ಎಷ್ಟು ಹೇಳಬೇಕೆಂಬುದು ನಿನ್ನಿಷ್ಟ. ಪಟ್ಟಿಯಿಂದ ಮಾತ್ರ ನಮ್ಮನ್ನು ಬಿಡಬೇಡ.

ರೈಲಿನಲ್ಲೇ ಬನ್ನಿ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಗುಬ್ಬಿಯಲ್ಲಿ ಚಂದಣ್ಣನವರು ಗೆಳೆಯರ ಜೊತೆ ಸೇರಿ ನಾಟಕ ಕಂಪನಿ ಕಟ್ಟಿದ್ದೂ ಅದೇ ವರ್ಷ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಎಪ್ಪತ್ತು ಕಿಲೋಮೀಟರ್ ದಾರಿ, ಕಿಟಕಿಯಾಚೆ ತೆಂಗು ಅಡಿಕೆ ಶುರುವಾದವೆಂದರೆ ನಮ್ಮ ಸೀಮೆ ಬಂತೆಂದು ಲೆಕ್ಕ. ತುಮಕೂರಿಗೆ ಮುಂಚೆಯೇ ಕ್ಯಾತ್ಸಂದ್ರದಲ್ಲಿ ಇಳಿಯಿರಿ. ಅಲ್ಲಿಯ ತಟ್ಟೆ ಇಡ್ಲಿಯ ಸುದ್ದಿ ನಿಮಗೇ ಗೊತ್ತು. ಅಂಗೈಯಗಲದ ತಟ್ಟೆಯಲ್ಲಿ ಬೆಂದ ಮೆತ್ತನೆ ಇಡ್ಲಿ, ಮೇಲೊಂದು ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಪಾರ್ಸೆಲ್ ಕಟ್ಟಿಸಿಕೊಂಡು ಓಡಬೇಡಿ. ಬೆಂಚಿನ ಮೇಲೆ ಕೂತು, ಎದುರಿಗಿರುವ ಅಪರಿಚಿತರ ಜೊತೆ ಎರಡು ಮಾತಾಡಿ, ನಿಧಾನವಾಗಿ ತಿನ್ನಿ.

ಕೂತು ತಿನ್ನಿ ಎನ್ನುವುದಕ್ಕೆ ಕಾರಣವಿದೆ. ನಿನ್ನ ಮುತ್ತಜ್ಜನ ಕಾಲಕ್ಕೆ ನಮ್ಮವರು ಹೋಟೆಲಿನ ಮುಂದೆ ಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂರಬೇಕಿತ್ತು. ಮೇಲಿಂದ ಸುರಿದ ಕಾಫಿಯನ್ನು ತೆಂಗಿನ ಕರಟದಲ್ಲಿ ಹಿಡಿದು ಕುಡಿಯಬೇಕಿತ್ತು. ಮನೆಮನೆಯಲ್ಲೂ ತೆಂಗಿರುವ ಸೀಮೆಯಲ್ಲಿ ಕರಟಕ್ಕೇನು ಬರ! ಕೆಲವು ಕಡೆ ಸೂರಿನ ಸಂದಿಯಲ್ಲಿ ಬೇರೆ ಲೋಟ ಸಿಕ್ಕಿಸಿಟ್ಟಿರುತ್ತಿದ್ದರು. ಅದನ್ನು ತೆಗೆದುಕೊಂಡು, ಕುಡಿದು, ತೊಳೆದು, ಮತ್ತೆ ಅಲ್ಲೇ ಸಿಕ್ಕಿಸಿ ಹೋಗಬೇಕು. ದುಡ್ಡು ಮಾತ್ರ ಎಲ್ಲರಷ್ಟೇ ಕೊಡಬೇಕು, ಅದನ್ನೂ ಕೈಗೆ ಕೊಡುವಂತಿಲ್ಲ, ನೆಲಕ್ಕಿಡಬೇಕು. ನಾನು ಚಿಕ್ಕವನಿದ್ದಾಗ ನನ್ನಪ್ಪ ಪೇಟೆಗೆ ಕರೆದುಕೊಂಡು ಹೋದರೆ ಹೋಟೆಲಿನ ಮುಂದೆ ಹಾದುಹೋಗುವಾಗ ಹೆಜ್ಜೆ ಬಿರುಸು ಮಾಡುತ್ತಿದ್ದರು. ವಡೆಯ ವಾಸನೆಗೆ ನಾನು ನಿಂತುಬಿಟ್ಟರೆ ಏನು ಹೇಳುವುದೆಂಬ ಭಯ ಅವರಿಗೆ.

ಸಂವಿಧಾನದ 15ನೇ ವಿಧಿಯ ಎರಡನೇ ಖಂಡವನ್ನು ಒಮ್ಮೆ ತೆಗೆದು ಓದು. ಅಂಗಡಿ, ಉಪಾಹಾರಗೃಹ, ಹೋಟೆಲು, ಮನರಂಜನೆಯ ಜಾಗ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಒಂದೊಂದನ್ನೂ ಹೆಸರು ಹಿಡಿದು ಬರೆದಿದ್ದಾರೆ, ಜಾತಿ ಧರ್ಮದ ಕಾರಣಕ್ಕೆ ಇಲ್ಲಿ ಯಾರನ್ನೂ ತಡೆಯುವಂತಿಲ್ಲವೆಂದು. ನೀನು ಕಳಿಸಿದ ಪಟ್ಟಿಯನ್ನು ಅದರ ಪಕ್ಕ ಇಟ್ಟು ನೋಡು, ಹೆಚ್ಚುಕಡಿಮೆ ಎರಡೂ ಒಂದೇ. ನೀವು ರಜೆಯ ಸಂತೋಷಕ್ಕೆ ಸುತ್ತುವ ಜಾಗಗಳೆಲ್ಲ ನಮಗೆ 1950ರ ಜನವರಿ 26ರಂದು ಕಾಗದದ ಮೇಲೆ ತೆರೆದವು. ಕಾಗದದಿಂದ ಬೆಂಚಿಗೆ ಬರಲು ಇನ್ನೂ ಬಹಳ ವರ್ಷ ಹಿಡಿಯಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ಹಾಡು ಹೇಳಿಕೊಂಡು ಊರೂರು ತಿರುಗಿದರು, ಹೋಟೆಲಿನೊಳಗೆ ಹೋಗಿ ಕೂತರು. ಏಟು ತಿಂದವರುಂಟು, ಊರಿಂದ ಬಹಿಷ್ಕಾರ ಹಾಕಿಸಿಕೊಂಡವರುಂಟು. ಇವತ್ತಿಗೂ ಎಲ್ಲ ಹಳ್ಳಿಯ ಎಲ್ಲ ಹೋಟೆಲಿನಲ್ಲಿ ಸರಿಹೋಗಿದೆಯೆಂದು ನಾನು ಹೇಳಲಾರೆ.

ನಿನ್ನ ಗೆಳತಿಯೊಬ್ಬಳು ಅಮೆರಿಕದಲ್ಲಿ ಓದಿ ಬಂದವಳೆಂದೆ. ಹಾಗಾದರೆ ಅವಳಿಗೆ ಈ ಮಾತು ಬೇಗ ತಿಳಿಯುತ್ತದೆ. ಅಲ್ಲಿ ಕಪ್ಪು ಜನ ಪ್ರಯಾಣ ಹೊರಟರೆ ಯಾವ ಊರಲ್ಲಿ ಯಾವ ಹೋಟೆಲು ತಮ್ಮನ್ನು ಒಳಗೆ ಬಿಡುತ್ತದೆಂದು ನೋಡಿಕೊಳ್ಳಲು ಒಂದು ಪುಸ್ತಕವೇ ಇತ್ತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ವಿಕ್ಟರ್ ಗ್ರೀನ್ ಎಂಬ ಅಂಚೆಯವನು 1936ರಲ್ಲಿ ಅದನ್ನು ಶುರು ಮಾಡಿದ, ಮೂವತ್ತು ವರ್ಷ ನಡೆಯಿತು. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಎಂಬ ಊರಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅಂಗಡಿ ಮುಚ್ಚುವ ತನಕ ಏಳಲಿಲ್ಲ, ಮರುದಿನ ಇನ್ನಷ್ಟು ಜನರ ಜೊತೆ ಬಂದು ಕೂತರು. ಕಾಫಿಗಾಗಿ ಕೂತ ಆ ಹುಡುಗರನ್ನು ನೆನೆದಾಗಲೆಲ್ಲ ನನಗೆ ನಮ್ಮ ಹುಡುಗರ ಮುಖವೇ ಕಣ್ಣಿಗೆ ಕಟ್ಟುತ್ತದೆ. ಈಗ ಆ ದೇಶದ ಎಷ್ಟೋ ಊರುಗಳಲ್ಲಿ ಕಪ್ಪು ಜನರ ಹಳೆಯ ಬೀದಿಗಳು ಮತ್ತೆ ಜೀವ ಹಿಡಿದಿವೆ. ಅವರದೇ ಕೆಫೆ, ಅವರದೇ ಪುಸ್ತಕದಂಗಡಿ, ಅವರದೇ ಸಂಗೀತ. ದೂರದೂರದ ಜನ ಹುಡುಕಿಕೊಂಡು ಹೋಗುತ್ತಾರೆ. ಹಾಗೆ ಜನ ಬಂದ ಕಡೆ ಬಾಡಿಗೆ ಏರಿ, ಆ ಬೀದಿಯನ್ನು ಕಷ್ಟಕಾಲದಲ್ಲಿ ಕಾಪಾಡಿದವರೇ ಹೊರಗೆ ಬಿದ್ದದ್ದೂ ಇದೆ. ಇದನ್ನು ಮನಸ್ಸಿನಲ್ಲಿಟ್ಟುಕೊ, ನಮ್ಮ ಕಡೆಗೂ ಇದು ಬರುತ್ತಿದೆ.

ಕ್ಯಾತ್ಸಂದ್ರದಿಂದ ಸಿದ್ಧಗಂಗೆ ಮಠ ಪಕ್ಕದಲ್ಲೇ. ಬೆಟ್ಟ ಹತ್ತಿ, ದಾಸೋಹದಲ್ಲಿ ಉಣ್ಣಿ. ಶಿವಕುಮಾರ ಸ್ವಾಮಿಗಳು 2019ರ ಜನವರಿಯಲ್ಲಿ ಲಿಂಗೈಕ್ಯರಾದಾಗ ಕೇರಿಯ ಮನೆಗಳಲ್ಲೂ ಒಲೆ ಹಚ್ಚದವರಿದ್ದರು. ಆ ಪಂಕ್ತಿಯಲ್ಲಿ ಎಲ್ಲರ ಜೊತೆ ಕೂತು ಉಂಡು ಓದಿದ ನಮ್ಮ ಮಕ್ಕಳು ಬಹಳ.

ಇನ್ನು ತುಮಕೂರು. ಚಿಕ್ಕಪೇಟೆ, ಮಂಡಿಪೇಟೆ ಬೆಳಗ್ಗೆಯೇ ನೋಡಿ, ಲಾರಿ ಮೂಟೆಗಳ ಗಲಾಟೆ ಇರುವಾಗ. ಎಂ.ಜಿ. ರಸ್ತೆಯ ಬಟ್ಟೆ ಅಂಗಡಿ, ಬಿ.ಎಚ್. ರಸ್ತೆಯ ಉದ್ದಕ್ಕೂ ಎದ್ದಿರುವ ಕೆಫೆಗಳ ಬಗ್ಗೆ ನಾನು ಹೇಳುವುದೇನಿಲ್ಲ, ನಿಮ್ಮ ಫೋನಿಗೇ ಗೊತ್ತು. ಕೇರಿಯ ಬಗ್ಗೆ ಹೇಳುತ್ತೇನೆ. ಹಿಂದೆ ಅದು ಊರಾಚೆ ಇತ್ತು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರುವ ಎಷ್ಟೋ ಮೊದಲೇ ಊರು ನಾಲ್ಕು ದಿಕ್ಕಿಗೂ ಬೆಳೆದು ಕೇರಿಗಳನ್ನು ಸುತ್ತುವರಿದುಬಿಟ್ಟಿತು. ಯಾರಿಗೂ ಬೇಡವಾಗಿದ್ದ ನೆಲಕ್ಕೆ ಈಗ ಚದರಡಿ ಲೆಕ್ಕದಲ್ಲಿ ಬೆಲೆ. ಹಕ್ಕುಪತ್ರ ಸರಿಯಿಲ್ಲದ ಮನೆಯವರಿಗೆ ರಸ್ತೆ ಅಗಲವಾಗುತ್ತದೆಂದರೆ ನಿದ್ದೆ ಬರುವುದಿಲ್ಲ. ಬೀದಿ ಚೆಂದವಾಗುವುದು ನಮಗೂ ಬೇಕು. ಚೆಂದವಾದ ಮೇಲೆ ಅಲ್ಲಿ ನಾವೂ ಇರಬೇಕು.

ಬೀದಿಯೊಳಗೆ ಬಂದರೆ ಏನು ಕಾಣುತ್ತದೆ ಗೊತ್ತೆ? ಮಧ್ಯಾಹ್ನದ ಹೊತ್ತಿಗೆ ಮುದ್ದೆ ಸಾರಿನ ಚಿಕ್ಕ ಹೋಟೆಲು, ಹೆಂಗಸರೇ ನಡೆಸುವುದು. ಬಸ್ಸಾರು, ಉಪ್ಸಾರು, ಹುರುಳಿಕಟ್ಟಿನ ಸಾರು, ಭಾನುವಾರವಾದರೆ ತಲೆಮಾಂಸ, ಬೋಟಿ. ಒಂದು ಕಾಲಕ್ಕೆ ನಮ್ಮ ಅಡುಗೆಯ ವಾಸನೆಗೆ ಮೂಗು ಮುಚ್ಚಿಕೊಂಡು ಹೋದ ಊರಿನವರೇ ಈಗ ಸ್ಕೂಟರ್ ನಿಲ್ಲಿಸಿ ಸಾಲು ನಿಲ್ಲುತ್ತಾರೆ. ಮೆಟ್ಟು ಹೊಲಿಯುವವರು ಇನ್ನೂ ಇದ್ದಾರೆ. ಮರದ ನೆರಳಲ್ಲೋ ಬಸ್ ನಿಲ್ದಾಣದ ಮೂಲೆಯಲ್ಲೋ ಕೂತಿರುತ್ತಾರೆ. ಕಾಲಿನ ಅಳತೆ ಕೊಟ್ಟು ಒಂದು ಜೊತೆ ಚಪ್ಪಲಿ ಮಾಡಿಸಿಕೊ. ಚರ್ಮವನ್ನು ಹೇಗೆ ಹದ ಮಾಡುತ್ತಿದ್ದರು, ಬಾನಿಯಲ್ಲಿ ಯಾವ ತೊಗಟೆ ಹಾಕುತ್ತಿದ್ದರು ಎಂದು ಕೇಳು. ಹೇಳುವ ಮನಸ್ಸಿದ್ದವರು ಗಂಟೆಗಟ್ಟಲೆ ಹೇಳುತ್ತಾರೆ. ಬೆಲೆಗೆ ಚೌಕಾಸಿ ಮಾಡಬೇಡ. ಮಾಲಿನಲ್ಲಿ ಬೋರ್ಡಿನ ಮೇಲಿದ್ದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಡುವವರು ಇಲ್ಲಿ ಇಪ್ಪತ್ತು ರೂಪಾಯಿಗೆ ಜಗ್ಗಾಡುವುದನ್ನು ಕಂಡರೆ ನನಗೆ ತಡೆಯುವುದಿಲ್ಲ.

ಬರುವ ಮುಂಚೆ ಕೆ.ಬಿ. ಸಿದ್ದಯ್ಯನವರ ಕಾವ್ಯ ಓದಿಕೊಂಡು ಬಾ. ತುಮಕೂರಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದರು, ದಲಿತ ಚಳವಳಿಯಲ್ಲಿ ಬೆಂದವರು, 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ‘ಬಕಾಲ’, ‘ದಕ್ಲಕಥಾದೇವಿ’, ‘ಅನಾತ್ಮ’, ‘ಗಲ್ಲೇಬಾನಿ’ ಅವರ ಖಂಡಕಾವ್ಯಗಳು. ಗಲ್ಲೇಬಾನಿಯೆಂದರೆ ತೊಗಲು ನೆನೆಹಾಕುವ ಬಾನಿ. ಯಾವ ಬಾನಿಯ ಹತ್ತಿರ ಜನ ಸುಳಿಯುತ್ತಿರಲಿಲ್ಲವೋ ಅದನ್ನು ತಂದು ಕನ್ನಡ ಕಾವ್ಯದ ನಡುಮನೆಯಲ್ಲಿಟ್ಟವರು ಅವರು. ‘ದಕ್ಲಕಥಾದೇವಿ’ ಇನ್ನೂ ಒಳಕ್ಕೆ ಹೋಗುತ್ತದೆ. ದಕ್ಕಲಿಗರು ಮಾದಿಗರ ಕುಲದ ಕಥೆ ಹೇಳುವವರು, ಜಾಂಬಪುರಾಣ ಅವರ ನಾಲಿಗೆಯ ಮೇಲೆ ಉಳಿದದ್ದು. ಅವರನ್ನು ನಮ್ಮವರೇ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಊರು ನಮ್ಮನ್ನು ಹೊರಗಿಟ್ಟಿತು, ನಾವು ಅವರನ್ನು ಹೊರಗಿಟ್ಟೆವು. ಗೆಳೆಯರಿಗೆ ಕೇರಿಯ ಕಥೆ ಹೇಳುವಾಗ ಇದನ್ನೂ ಹೇಳು, ಮುಚ್ಚಿಡಬೇಡ. ಆ ಕಾವ್ಯವನ್ನು ಲಕ್ಷ್ಮಣ ಕೆ.ಪಿ. ಅವರು ನಾಟಕ ಮಾಡಿಸಿದ್ದಾರೆ, ಅರೆ ಮತ್ತು ತಮಟೆ ವಾದ್ಯಗಳ ಸದ್ದಿನಲ್ಲಿ. ಎಲ್ಲಾದರೂ ಆಡಿದರೆ ತಪ್ಪಿಸಿಕೊಳ್ಳಬೇಡಿ.

ತಮಟೆಯ ವಿಷಯಕ್ಕೆ ಬಂದೆ. ಇದರಲ್ಲಿ ಬಹಳ ಎಚ್ಚರ ಬೇಕು. ಒಣಗಿದ ಗರಿಯನ್ನೋ ಹುಲ್ಲನ್ನೋ ಗುಡ್ಡೆ ಹಾಕಿ ಬೆಂಕಿ ಹಚ್ಚಿ, ಅದರ ಕಾವಿಗೆ ತೊಗಲನ್ನು ಹಿಡಿದು, ಬೆರಳಿನಿಂದ ತಟ್ಟಿ ತಟ್ಟಿ ಶ್ರುತಿ ನೋಡುವುದನ್ನು ಕಂಡರೆ ನಿಮಗೆಲ್ಲ ಫೋನು ಎತ್ತಬೇಕೆನಿಸುತ್ತದೆ. ಚಿಕ್ಕಬಳ್ಳಾಪುರದ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಆ ದಿನ ನಾನು ಅತ್ತೆ. ಆದರೆ ಇದೇ ತಮಟೆಯನ್ನು ಸಾವಿಗೆ, ಸಾರುವುದಕ್ಕೆ, ಹಬ್ಬಕ್ಕೆ ನಮ್ಮವರು ಬಾರಿಸಲೇಬೇಕೆಂದು ಊರು ಕಟ್ಟುಮಾಡಿತ್ತು, ಕೂಲಿಯಿಲ್ಲದೆ. ಅದಕ್ಕೇ ಎಷ್ಟೋ ಮನೆಯವರು ಇನ್ನು ಮುಟ್ಟುವುದಿಲ್ಲವೆಂದು ಕೈಬಿಟ್ಟರು. ಅವರ ಸಿಟ್ಟೂ ಸರಿ, ಅದನ್ನು ಕಲೆಯೆಂದು ಎತ್ತಿ ಹಿಡಿದ ಹುಡುಗರ ಹೆಮ್ಮೆಯೂ ಸರಿ. ನೀನು ಯಾರನ್ನೂ ‘ಒಂದೇಟು ಬಾರಿಸಿ ತೋರಿಸಿ’ ಎಂದು ಕೇಳಬೇಡ. ತಂಡ ಬೇಕಿದ್ದರೆ ಮೊದಲೇ ಮಾತಾಡಿ, ಅವರು ಹೇಳಿದ ಸಂಭಾವನೆ ಒಪ್ಪಿ, ನೆರಳು ನೀರು ಕುರ್ಚಿ ಒದಗಿಸಿ ಕರೆಸು. ಸುಮ್ಮನೆ ಕೇಳಬೇಕೆಂದರೆ ಏಪ್ರಿಲ್ 14ಕ್ಕೆ ಬಾ. ಅಂಬೇಡ್ಕರ್ ಜಯಂತಿಯ ಸಂಜೆ ತಮಟೆ ಪೇಟೆಯ ನಡುಬೀದಿಯಲ್ಲೇ ಬರುತ್ತದೆ, ಬಾರಿಸುವವರ ತಲೆ ಎತ್ತರದಲ್ಲಿರುತ್ತದೆ.

ಮಾರನೆಯ ದಿನ ಗುಬ್ಬಿ. ಚಂದಣ್ಣನವರ ಕಂಪನಿಗೆ ಆರೇಳು ವರ್ಷದ ಹುಡುಗನಾಗಿ ಸೇರಿದ ವೀರಣ್ಣ ಮುಂದೆ ಅದರ ಒಡೆಯರಾಗಿ, ಹೆಣ್ಣು ಪಾತ್ರಕ್ಕೆ ಬಿ. ಜಯಮ್ಮನವರಂಥ ಹೆಣ್ಣುಮಕ್ಕಳನ್ನೇ ನಿಲ್ಲಿಸಿ, ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆ ತಂದ ಕಥೆ ನಿಮಗೆ ಎಲ್ಲ ಕಡೆ ಸಿಗುತ್ತದೆ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಎಲ್ಲರೂ ಆ ಗರಡಿಯಲ್ಲಿ ಪಳಗಿದವರು. ನಾನು ನಿನಗೆ ಹೇಳಬೇಕೆಂದಿರುವುದು 1954ರ ‘ಬೇಡರ ಕಣ್ಣಪ್ಪ’ದ ಬಗ್ಗೆ. ವೀರಣ್ಣನವರೂ ಕೈಜೋಡಿಸಿ ತೆಗೆಸಿದ ಚಿತ್ರ ಅದು, ರಾಜ್‌ಕುಮಾರ್ ನಾಯಕರಾದ ಮೊದಲನೆಯದು. ಮಡಿ ಮಂತ್ರ ತಿಳಿಯದ ಬೇಡನೊಬ್ಬ ಗುಡಿಯೊಳಗೆ ಹೋಗಿ ಶಿವನನ್ನು ಮುಟ್ಟುತ್ತಾನೆ, ಮಾಂಸವನ್ನು ಎಡೆಯಿಡುತ್ತಾನೆ, ಕಣ್ಣು ಕಿತ್ತು ಕೊಡುತ್ತಾನೆ. ಆ ಕಾಲಕ್ಕೆ ನಮ್ಮವರಿಗೆ ಗುಡಿಯ ಬಾಗಿಲು ಎಲ್ಲಿ ತೆರೆದಿತ್ತು! ಟೆಂಟಿನಲ್ಲಿ ನೆಲದ ಮೇಲೆ ಕೂತು ಕಣ್ಣಪ್ಪ ಒಳಗೆ ಹೋಗುವುದನ್ನು ನೋಡಿದ ನಮ್ಮ ಕೇರಿಯ ಹಿರಿಯರು ಸಾಯುವ ತನಕ ಅದೇ ಮಾತಾಡುತ್ತಿದ್ದರು.

ಗುಬ್ಬಿ ಕಂಪನಿಯ ಹೆಸರನ್ನು ಗೋಡೆಯ ಮೇಲೆ ಓದಿ ಬಂದರೆ ಸಾಲದು. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಯಾವುದಾದರೂ ಹಳ್ಳಿ ತಂಡದ ಪೌರಾಣಿಕ ನಾಟಕವಿದೆಯೇ ವಿಚಾರಿಸಿ, ಇದ್ದರೆ ಕೂತು ನೋಡಿ. ಬಾಡಿಗೆಗೆ ತಂದ ಸೀನರಿ, ಬಾಡಿಗೆಯ ಕಿರೀಟ ಗದೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು ಕಲಿಸಿರುತ್ತಾರೆ. ಗಾರೆ ಕೆಲಸದವರು, ಆಟೋ ಓಡಿಸುವವರು, ಪೌರಕಾರ್ಮಿಕರು ತಮ್ಮದೇ ದುಡ್ಡು ಹಾಕಿ ಕೃಷ್ಣನಾಗುತ್ತಾರೆ, ದುರ್ಯೋಧನನಾಗುತ್ತಾರೆ. ರಾಗ ಎಳೆದರೆಂದು ಎದ್ದು ಹೋಗಬೇಡಿ. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದಾಗ ಆ ಕೃಷ್ಣನ ಮುಖ ನೋಡಿ. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಜನ ಬರುತ್ತಾರೆ, ಹೊಸ ಹೋಟೆಲು ಬರುತ್ತವೆ, ಬರಲಿ. ಅದರ ಜೊತೆ ಇದೂ ಉಳಿಯಬೇಕೆಂದರೆ ನಿಮ್ಮಂಥವರು ಟಿಕೆಟ್ಟು ಕೊಂಡು ಕೂರಬೇಕು.

ಕುಣಿಗಲ್ಲಿಗೂ 2017ರಿಂದ ಬೆಂಗಳೂರು ಹಾಸನ ರೈಲಿದೆ, ಆದರೆ ನೀವು ತುಮಕೂರಿನಿಂದ ಬಸ್ಸಿನಲ್ಲೇ ಬನ್ನಿ. ಟಿಪ್ಪುವಿನ ಕಾಲದ ಕುದುರೆ ಫಾರ್ಮಿನ ಬಗ್ಗೆ ಬಹಳ ಕೇಳಿರುತ್ತೀರಿ. ಒಳಗೆ ಬಿಟ್ಟೇ ಬಿಡುತ್ತಾರೆಂದು ನಂಬಿಕೊಂಡು ಬರಬೇಡಿ. ನನ್ನ ಕೇಳಿದರೆ ಕೆರೆ ಏರಿಯ ಮೇಲೆ ಹೆಚ್ಚು ಹೊತ್ತು ಕಳೆಯಿರಿ. ಆ ಕೆರೆಯ ಮೇಲಿನ ಜನಪದ ಹಾಡು ಕೇಳದ ಕನ್ನಡಿಗರಿಲ್ಲ. ಅದರ ಚೆಲುವನ್ನು ಹಾಡಿದಷ್ಟು ಅದರ ನೀರನ್ನು ಹಂಚಿದವರನ್ನು ಯಾರೂ ನೆನೆಯಲಿಲ್ಲ. ಹಳೇ ಮೈಸೂರು ಸೀಮೆಯ ಕೆರೆಗಳಿಗೆ ನೀರಗಂಟಿಗಳಿದ್ದರು, ಬಹಳ ಊರುಗಳಲ್ಲಿ ಕೇರಿಯವರೇ. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡುವುದು, ಮಳೆಗಾಲದ ರಾತ್ರಿ ಏರಿ ಕಾಯುವುದು ಎಲ್ಲ ಅವರದು. ನೀರು ಕಮ್ಮಿಯಾದ ವರ್ಷ ದೊಡ್ಡ ರೈತನೂ ನೀರಗಂಟಿಯ ಮಾತಿಗೆ ಕಾಯಬೇಕಿತ್ತು. ಊರಿಗೆಲ್ಲ ನೀರು ಹಂಚಿದ ಅದೇ ಕೈ ಊರಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಈಗ ಹೇಮಾವತಿ ನಾಲೆಯ ನೀರಿಗಾಗಿ ಗುಬ್ಬಿಯ ಕಡೆಯವರಿಗೂ ಕುಣಿಗಲ್ ಕಡೆಯವರಿಗೂ ನಡುವೆ ಮನಸ್ತಾಪವಾದಾಗ ನನಗೆ ಆ ನೀರಗಂಟಿಗಳೇ ನೆನಪಾಗುತ್ತಾರೆ. ಇದ್ದದ್ದನ್ನು ಜಗಳವಿಲ್ಲದೆ ಹಂಚುವ ವಿದ್ಯೆ ಅವರಿಗೆ ಗೊತ್ತಿತ್ತು.

ಕುಳವಾಡಿಯ ಕಥೆಯೂ ಹಾಗೆಯೇ. ಊರಿನ ಗಡಿಕಲ್ಲು ಎಲ್ಲಿದೆ, ಯಾರ ಹೊಲ ಎಲ್ಲಿಗೆ ಮುಗಿಯುತ್ತದೆ ಎಂಬುದು ಕೇರಿಯ ಕುಳವಾಡಿಯ ತಲೆಯಲ್ಲಿತ್ತು, ಗಡಿ ವ್ಯಾಜ್ಯದಲ್ಲಿ ಅವನ ಮಾತಿಗೆ ತೂಕ. ಹಾಗಾಗಿ ಹಳೇ ಊರು ಹೇಗಿತ್ತೆಂದು ತಿಳಿಯಬೇಕಾದರೆ ಪೇಟೆಯ ಅಂಗಡಿಯಲ್ಲಿ ಕೇಳಿದ ಮೇಲೆ ಕೇರಿಯ ಕಟ್ಟೆಯ ಮೇಲೂ ಕೂತು ಕೇಳಿ. ಕೆರೆಯಿಂದ ಕೇರಿಗೆ ನಡೆದುಕೊಂಡೇ ಹೋಗಬಹುದು.

ಹೋದಾಗ ಕೆಲವು ನಡವಳಿಕೆ ಇರಲಿ. ಮನೆಯೊಳಗೆ ಕರೆದರೆ ಹೋಗಿ, ಕೊಟ್ಟ ನೀರನ್ನು ಅಲ್ಲೇ, ಅವರೆದುರಿಗೇ ಕುಡಿಯಿರಿ. ನಿಮ್ಮ ಬಾಟಲಿ ಚೀಲದಲ್ಲೇ ಇರಲಿ. ಇದು ನಿಮಗೆ ಸಣ್ಣದೆನಿಸಬಹುದು, ನಮ್ಮ ಹಿರಿಯರು ಅದನ್ನೇ ಗಮನಿಸುತ್ತಾರೆ. ಫೋಟೋಗೆ ಕೇಳಿ ಅನುಮತಿ ತೆಗೆದುಕೊಳ್ಳಿ. ಮುರುಕು ಗೋಡೆಯನ್ನೇ ಹುಡುಕಿ ತೆಗೆಯಬೇಡಿ. ಮೆಟ್ಟಿಲ ಮೇಲೆ ಕೂತು ಪರೀಕ್ಷೆಗೆ ಓದುತ್ತಿರುವ ಹುಡುಗಿಯೂ, ಅಂಬೇಡ್ಕರ್ ಪಟದ ಕೆಳಗೆ ನಡೆಯುವ ಸಂಜೆಯ ಪಾಠವೂ, ಹೊಸದಾಗಿ ಬಣ್ಣ ಬಳಿದ ಮನೆಯೂ ಕೇರಿಯೇ. ‘ನೀವು ಯಾವ ಪೈಕಿ’ ಎಂದು ನಿನ್ನ ಗೆಳೆಯರು ಅಪ್ಪಿತಪ್ಪಿಯೂ ಕೇಳದಿರಲಿ. ತಿಂದದ್ದಕ್ಕೆ, ಕೊಂಡದ್ದಕ್ಕೆ ಪೂರಾ ದುಡ್ಡು ಕೊಟ್ಟು, ಚೆನ್ನಾಗಿದ್ದರೆ ನಾಲ್ಕು ಜನಕ್ಕೆ ಹೇಳಿ. ಅಂಗಡಿಯ ಹೆಸರು, ನಡೆಸುವವರ ಹೆಸರು ಅವರು ಒಪ್ಪಿದರಷ್ಟೇ ಬರೆಯಿರಿ. ಒಂದು ವೀಡಿಯೋ ಓಡಿತೆಂದು ಕಟ್ಟಡದವನು ಮರುತಿಂಗಳೇ ಬಾಡಿಗೆ ಏರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಭಾನುವಾರ ಮಧ್ಯಾಹ್ನ ಊಟಕ್ಕೆ ನಮ್ಮನೆಗೆ ಬಂದುಬಿಡಿ. ಎಷ್ಟು ಜನ, ಮಾಂಸ ತಿನ್ನದವರು ಯಾರಾದರೂ ಇದ್ದಾರೆಯೇ ಎಂದು ಶುಕ್ರವಾರದೊಳಗೆ ತಿಳಿಸು, ನಿನ್ನ ದೊಡ್ಡಮ್ಮ ರಾಗಿ ಬೀಸಿಸಬೇಕು. ಮಾಂಸ ತಿನ್ನದವರಿಗೆ ಅವರೆಕಾಳು ಬಸ್ಸಾರು ಮಾಡುತ್ತಾಳಂತೆ.